ಕಿಟಕಿಯಿಲ್ಲದ ಮನೆಯಲ್ಲಿ ಬಡಗಣ ಬೆಳಕು

ಬಾಗಿಲು ತೆರೆದಾಗ ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಕಣ್ಣು ಬಿಡಲಾಗದಂಥ ಬಿಸಿಲು. ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟೆ, ನನ್ನ ಕೈ ನನಗೇ ಕಾಣಲಿಲ್ಲ. ಯಾವುದೋ ಉಗ್ರಾಣಕ್ಕೆ ಕರೆತಂದಿದ್ದಾರೆ ಎಂದುಕೊಂಡು ನಮ್ಮವರ ಕಡೆ ತಿರುಗಿದೆ. ಅವರೂ ಪೆಚ್ಚಾಗಿ ನಿಂತಿದ್ದರು. ಕಣ್ಣು ಹೊಂದಿಕೊಂಡ ಮೇಲೆ ಕಂಡದ್ದು ಇಷ್ಟು: ಮೊಳಕ್ಕಿಂತ ದಪ್ಪದ ಕಲ್ಲುಮಣ್ಣಿನ ಗೋಡೆಗಳು, ಬೂದುಬಣ್ಣದ ಫರಸಿಕಲ್ಲು ಹಾಸಿದ ನೆಲ. ನಾಲ್ಕು ಗೋಡೆಗಳಲ್ಲಿ ಹೆಸರಿಗೊಂದು ಕಿಟಕಿಯಿಲ್ಲ. ನೆತ್ತಿಯ ಮೇಲೆ ಒಂದು ತೂತು, ಅದರಿಂದ ನೆಲಕ್ಕೆ ಬಿದ್ದ ತಟ್ಟೆಯಗಲದ ಬಿಸಿಲು.

“ಕಿಟಕಿ ಎಲ್ಲಿ?” ಎಂದು ಕೇಳಿದೆ.

ಮನೆಯೊಡತಿ ಗುರುಬಸವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಕಿಟಕಿ ಯಾಕ ತಂಗಿ? ಬಿಸಲ ಒಳಗ ಕರಕೊಳ್ಳಾಕೇನು?”

ಮೈಸೂರಿನ ಗೆಳತಿಯರು ಕಾಗದ ಬರೆದು ಕೇಳುತ್ತಲೇ ಇದ್ದಾರೆ: ನಿಜಾಮರ ಸೀಮೆ ಹೇಗಿದೆ, ಕಲಬುರಗಿ ಹೇಗಿದೆ, ಮನೆ ಹೇಗಿದೆ ಎಂದು. ಮೊದಲ ದಿನ ನಾನು ಆ ತಟ್ಟೆಯಗಲದ ಬಿಸಿಲಿನ ಪಕ್ಕದಲ್ಲಿ ಕುಳಿತು ಅತ್ತೆ ಎಂಬುದನ್ನು ಯಾರಿಗೂ ಬರೆದಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ಅಳುವಂಥದ್ದೇನಿತ್ತು ಎಂದು ಕೇಳುವವರಿಗೆ ನನ್ನ ಹಿನ್ನೆಲೆ ಹೇಳಬೇಕು. ನಾನು ಚಿತ್ರಗಾರರ ಮನೆಯ ಮಗಳು. ನನ್ನ ತಂದೆ ದೇವರ ಪಟಗಳನ್ನು ಬರೆಯುತ್ತಿದ್ದವರು, ಆಮೇಲೆ ಎಣ್ಣೆಬಣ್ಣದಲ್ಲಿ ಮನುಷ್ಯರ ಮುಖಗಳನ್ನೂ ಬರೆಯತೊಡಗಿದರು. ಅಣ್ಣ ಕುಂಚ ಕಂಡರೆ ಹಿತ್ತಲಿಗೆ ಓಡುತ್ತಿದ್ದುದರಿಂದ ಅವನಿಗೆ ಹೇಳಬೇಕಾದ ಪಾಠವೆಲ್ಲ ನನಗೆ ಬಂತು. ಬೆಳಕು ಬಡಗಣದಿಂದ ಬರಬೇಕು ಎನ್ನುವುದು ಮೊದಲನೆಯ ಪಾಠ. ಆ ದಿಕ್ಕಿನಿಂದ ಸೂರ್ಯ ನೇರವಾಗಿ ಒಳಗೆ ನುಗ್ಗುವುದಿಲ್ಲ, ಆದ್ದರಿಂದ ಬೆಳಿಗ್ಗೆ ಬೆರೆಸಿದ ಬಣ್ಣ ಸಂಜೆಗೂ ಹಾಗೆಯೇ ಕಾಣುತ್ತದೆ. ನಮ್ಮವರಿಗೆ ಇಲ್ಲಿಯ ಬಟ್ಟೆ ಗಿರಣಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತೆಂದು ಹೊರಟಾಗ ನಾನು ಒಂದೇ ಮಾತು ಕೇಳಿದ್ದೆ, ಬರೆಯಲು ಬೆಳಕಿರುವ ಒಂದು ಕೋಣೆ ಬೇಕು ಎಂದು. ಅವರು ಧಾರಾಳವಾಗಿ ಒಪ್ಪಿದ್ದರು. ಕಿಟಕಿಯೇ ಇಲ್ಲದ ಊರೊಂದು ಇರಬಹುದೆಂದು ಅವರಿಗಾದರೂ ಏನು ಗೊತ್ತಿತ್ತು, ಪಾಪ.

ಉಳಿದದ್ದೆಲ್ಲ ನಿಧಾನವಾಗಿ ರೂಢಿಯಾಯಿತು. ನಮ್ಮ ಕಡೆ ಮಾಳಿಗೆ ಎಂದರೆ ಮಹಡಿ. ಇಲ್ಲಿ ಮಾಳಿಗೆ ಎಂದರೆ ಮಣ್ಣು ಹಾಸಿದ ಸಮತಟ್ಟಾದ ಛಾವಣಿ. ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಾರೆ, ಹಪ್ಪಳ ಹಾಕುತ್ತಾರೆ. ಆ ತೂತಿಗೆ ಬೆಳಕಿಂಡಿ ಎಂದು ಹೆಸರು. ಕಚೇರಿಯ ಕಾಗದವೆಲ್ಲ ಉರ್ದು. ಗಿರಣಿಯಿಂದ ಬಂದ ಒಂದು ಚೀಟಿಯನ್ನು ನಮ್ಮವರು ಅರ್ಧ ಗಳಿಗೆ ತಲೆಕೆಳಗಾಗಿ ಹಿಡಿದು ಗಂಭೀರವಾಗಿ ನೋಡಿದ್ದನ್ನು ನಾನು ಇಂದಿಗೂ ಆಡಿಕೊಳ್ಳುತ್ತೇನೆ. ಅನ್ನ ಇಲ್ಲಿ ಹಬ್ಬದ ಊಟ. ದಿನವೂ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮೂರು ತಿಂಗಳು ನನ್ನ ರೊಟ್ಟಿ ಅಂಚಿನಲ್ಲಿ ಹರಿಯುತ್ತಿತ್ತು. ಮೊದಲ ಸಲ ರೊಟ್ಟಿ ಉಬ್ಬಿದ ದಿನ ಗುರುಬಸವ್ವನವರನ್ನು ಕೂಗಿ ಕರೆದು ತೋರಿಸಿದೆ. “ಈಗ ಒಂದೀಟ ಹೆಂಗಸ ಆದಿ ನೋಡು” ಎಂದರು. ಆ ಹೊಗಳಿಕೆಗೆ ಎಷ್ಟು ಹಿಗ್ಗಿದೆನೆಂದು ಹೇಳಲು ನಾಚಿಕೆಯಾಗುತ್ತದೆ.

ಚಿತ್ರ ಮಾತ್ರ ಆಗಲಿಲ್ಲ. ಬೆಳಕಿಂಡಿಯ ಬಿಸಿಲು ಬೆಳಿಗ್ಗೆ ಪಡುವಣ ಗೋಡೆಯ ಮೇಲೆ, ಮಧ್ಯಾಹ್ನ ನೆಲದ ಮೇಲೆ, ಸಂಜೆ ಮೂಡಣ ಗೋಡೆಯ ಮೇಲೆ. ನಾನು ಚೌಕಟ್ಟು ಎಳೆದುಕೊಂಡು ಅದರ ಹಿಂದೆ ಹಿಂದೆ ಹೋಗುತ್ತಿದ್ದೆ. ಬಿಸಿಲು ಬಿದ್ದಲ್ಲಿ ಕಣ್ಣು ಕುಕ್ಕುತ್ತದೆ, ಗೇಣು ಆಚೆ ಕತ್ತಲೆ. ಬಾಗಿಲು ಹಾಕಿ ದೀಪ ಹಚ್ಚಿ ನೋಡಿದೆ. ದೀಪದ ಹಳದಿಯಲ್ಲಿ ಬಣ್ಣದ ಹಳದಿ ಕಾಣುವುದೇ ಇಲ್ಲ. ಸಾಲದೆಂದು ಬಳಿದದ್ದೇ ಬಳಿದದ್ದು. ಹೊರಗೆ ತಂದಾಗ ನನ್ನ ಲಕ್ಷ್ಮಿಗೆ ಕಾಮಾಲೆ ಹಿಡಿದಿತ್ತು.

ಕೊನೆಗೆ ಧೈರ್ಯ ಮಾಡಿ ಗುರುಬಸವ್ವನವರನ್ನು ಕೇಳಿದೆ, ಬಡಗಣ ಗೋಡೆಗೆ ಒಂದು ಕಿಂಡಿ ತೆಗೆಸಲೇ ಎಂದು. ಅವರು ಯೋಚಿಸಿ, “ತಗಸ್ಕೋ. ಮ್ಯಾಲ, ಜಂತಿ ಸನೇಕ ತಗಸು” ಎಂದರು. ಜಂತಿ ಎಂದರೆ ಛಾವಣಿ ಹೊತ್ತ ಮರದ ತೊಲೆ. ಅಷ್ಟೆತ್ತರದ ಕಿಂಡಿಯಿಂದ ಏನು ಪ್ರಯೋಜನ, ಕುಳಿತವರ ಮುಖಕ್ಕೆ ಬೆಳಕು ಬೇಡವೇ ಎಂದು ನನ್ನ ಬುದ್ಧಿವಂತಿಕೆ ಓಡಿತು. ಅವರು ಸಂತೆಗೆ ಹೋದ ದಿನ ಗವಂಡಿ ಮಲ್ಲಪ್ಪ, ಗೋಡೆ ಕಟ್ಟುವ ಕೆಲಸದವನು, ಬಂದ. ಎದೆಯೆತ್ತರಕ್ಕೆ ಗೆರೆ ಎಳೆದು ತೋರಿಸಿದೆ.

“ಇಷ್ಟ ತೆಳಗೇನ್ರೀ ಬಾಯಿ?”

“ಹೌದು, ಇಷ್ಟೇ.”

“ಗುರಬಸಮ್ಮಾರಿಗಿ ಕೇಳೀರೇನ್ರಿ?”

“ಕೇಳಿಯಾಯಿತಪ್ಪ, ನೀನು ಒಡೆ.”

ಎರಡು ಗಳಿಗೆಯಲ್ಲಿ ಗೋಡೆ ತೂತಾಯಿತು. ತಣ್ಣನೆಯ, ಶಾಂತವಾದ, ನಮ್ಮ ಮನೆಯದೇ ಎನ್ನುವಂಥ ಬೆಳಕು ಒಳಗೆ ಬಂತು. ನಾನು ಕುತ್ತಿಗೆ ಚಾಚಿ ಆಚೆ ನೋಡಿದೆ. ಆಚೆ ಒಂದು ಅಂಗಳ. ಅಲ್ಲಿ ತಲೆ ಬಿಚ್ಚಿಕೊಂಡು ಕೂದಲು ಒಣಗಿಸುತ್ತ ಕುಳಿತಿದ್ದ ಮೂವರು ಹೆಂಗಸರು ನನ್ನನ್ನೂ, ನನ್ನ ಹೆಗಲ ಹಿಂದೆ ಇಣುಕುತ್ತಿದ್ದ ಮಲ್ಲಪ್ಪನ ಮೀಸೆಯನ್ನೂ ನೋಡಿ ಕಿಟಾರನೆ ಚೀರಿದರು. ಮಲ್ಲಪ್ಪ ಹಾರೆ ಬಿಟ್ಟು ಓಡಿದ. ನಾನು ಸೆರಗು ತೆಗೆದು ಆ ತೂತಿಗೆ ಅಡ್ಡ ಹಿಡಿದು ನಿಂತೆ. ಗುರುಬಸವ್ವ ಬರುವವರೆಗೆ ಹಾಗೆಯೇ ನಿಂತಿದ್ದೆ.

ಪಕ್ಕದ ಮನೆಯ ಹಿರಿಯ ಬೀಬಿ ಬುರ್ಖಾ ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಬಂದರು. “ದೀವಾರ್ ಕಾಯ್ಕು ತೋಡೇ ಮಾ? ಘರ್ ಮೇ ಔರತಾಂ ಹೈಂ!” ಗೋಡೆ ಯಾಕಮ್ಮ ಒಡೆದಿರಿ, ಮನೆಯಲ್ಲಿ ಹೆಂಗಸರಿದ್ದಾರೆ ಎಂದು. ಅಷ್ಟು ನನಗೂ ತಿಳಿಯಿತು. ಗುರುಬಸವ್ವ ಅವರ ಕೈ ಹಿಡಿದು ಸಮಾಧಾನ ಮಾಡಿ ಕಳಿಸಿ ನನ್ನ ಕಡೆ ತಿರುಗಿದರು. “ಮ್ಯಾಲ ಅಂದಿದ್ದಿಲ್ಲೇನ ನಾ? ಈ ಊರಾಗ ಒಬ್ಬರ ಗ್ವಾಡಿ ಅಂದ್ರ ಇನ್ನೊಬ್ಬರ ಮರ್ಯಾದಿ ತಂಗಿ. ಮಾಳಗೀ ಮ್ಯಾಲ ಹತ್ತಬೇಕಾದ್ರೂ ಕೂಗಿ ಹೇಳಿ ಹತ್ತತೀವಿ, ಆಜೂಬಾಜೂದ ಹೆಂಗಸರು ಒಳಗ ಹೋಗಲಿ ಅಂತ.”

ಕಿಟಕಿಗಳು ಯಾಕಿಲ್ಲ ಎಂಬುದು ಆಗ ತಿಳಿಯಿತು. ಬಿಸಿಲಿನ ಮಾತು ಅರ್ಧ ಸತ್ಯ ಮಾತ್ರ. ಮೈಸೂರಿನಲ್ಲಿ ನಾವು ಕಿಟಕಿಯಲ್ಲಿ ನಿಂತು ಬೀದಿಯನ್ನು ನೋಡಿ ಬೆಳೆದವರು. ನೋಡುವುದೂ ಒಂದು ಅಪರಾಧವಾಗಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಅದೇ ದಿನ ಗೋಡೆ ಮುಚ್ಚಿಸಿದೆವು. ಓಣಿಯಲ್ಲಿ ನನಗೆ ‘ಗ್ವಾಡಿ ಒಡದಾಕಿ’ ಎಂದು ಹೆಸರಾಯಿತು.

ಆ ಹೆಸರು ಹೋಗಲಾಡಿಸಲೆಂದೇ ಗುರುಬಸವ್ವ ನನಗೊಂದು ಕೆಲಸ ಹೇಳಿದರೆಂದು ನನ್ನ ನಂಬಿಕೆ. ಅವರ ತವರು ಕಮಲಾಪುರ, ಎತ್ತಿನ ಚಕ್ಕಡಿಯಲ್ಲಿ ಒಂದು ಹಗಲಿನ ದಾರಿ. ತಾಯಿ ಶರಣವ್ವ ಅಲ್ಲಿ ಮಕ್ಕಳು ಮೊಮ್ಮಕ್ಕಳು ತುಂಬಿದ ಮನೆಯಲ್ಲಿದ್ದರು. ಗುರುಬಸವ್ವನಿಗೆ ವರ್ಷಕ್ಕೊಮ್ಮೆ ಹೋಗುವುದೇ ಕಷ್ಟ. “ನಮ್ಮವ್ವನ ಮುಖ ಬರದ ಕೊಡು. ದಿನಾ ಮುಂಜಾನೆ ಎದ್ದ ಕೂಡ್ಲೆ ನೋಡಬೇಕು” ಎಂದರು. ಗಂಡಸು ಚಿತ್ರಗಾರನಾಗಿದ್ದರೆ ಆ ಮನೆಯವರು ಹೊಸ್ತಿಲು ದಾಟಿಸುತ್ತಿರಲಿಲ್ಲ.

ಕಮಲಾಪುರ ನನಗೆ ಇನ್ನೊಂದು ಬೆರಗು. ಕಲಬುರಗಿಯ ಕರಿನೆಲ ನೋಡಿ ನೋಡಿ ದಣಿದಿದ್ದ ಕಣ್ಣಿಗೆ ಅಲ್ಲಿ ನೆಲ ಕೆಂಪು, ಗೋಡೆ ಕೆಂಪು, ತೋಟದಲ್ಲಿ ತೂಗುವ ಬಾಳೆಗೊನೆಯೂ ಕೆಂಪು. ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ಇದಕ್ಕೆ ಯಾರು ಬಣ್ಣ ಬಳಿದರು ಎಂದು ಕೇಳಿ ಮನೆಯ ಮಕ್ಕಳಿಂದ ನಗಿಸಿಕೊಂಡೆ.

ಚಿತ್ರದ ಸುದ್ದಿ ಕೇಳಿ ಸೊಸೆಯಂದಿರು ಹೆದರಿದರು. ಆ ಕಡೆ ಬದುಕಿರುವವರ ಚಿತ್ರ ಬರೆಸುವ ರೂಢಿಯಿಲ್ಲ. ಚಿತ್ರ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದರು. ಶರಣವ್ವ ಹಲ್ಲಿಲ್ಲದ ಬಾಯಲ್ಲಿ ನಕ್ಕರು. “ಎಂಬತ್ತ ಆಗ್ಯಾವ. ಕಡಿಮಿ ಆಗಾಕ ಏನ ಉಳದದ? ಬರಿ ಮಗಳ, ಬರಿ.”

ಅವರಿಗೆ ಕಣ್ಣು ಮಂಜು, ಒಳಗೆ ಕೂಡಲೊಲ್ಲರು. ಅಂಗಳದಾಚೆಯ ಬೇವಿನ ನೆರಳಿನಲ್ಲಿ ಕಟ್ಟೆಯ ಮೇಲೆ ಕೂತರು. ನಾನು ಬಿಸಿಲಿಗೆ ಹೆದರಿ ಪಡಸಾಲೆಯೊಳಗೆ ಚೌಕಟ್ಟು ಇಟ್ಟುಕೊಂಡೆ. ನಮ್ಮಿಬ್ಬರ ನಡುವೆ ಬಿಸಿಲು ಸುರಿಯುವ ಕೆಂಪು ಅಂಗಳ. ಎಂಥ ಬೆಳಕು! ಪಡಸಾಲೆಯೆಲ್ಲ ಹೊಳೆಯುತ್ತಿತ್ತು, ಬಿಳಿ ಬಟ್ಟೆಯ ಮೇಲೆ ಹೊಂಬಣ್ಣ ಆಡುತ್ತಿತ್ತು. ಇಷ್ಟು ತಿಂಗಳ ಕತ್ತಲೆಯ ಸೇಡು ತೀರಿಸಿಕೊಳ್ಳುವವಳಂತೆ ಐದು ದಿನ ಬರೆದೆ. ಮುಖ ಯಾಕೋ ಕೆಂಪಗೆ ಕಾಣುತ್ತಿದೆ ಎಂದು ಕೆಂಪು ಕಡಿಮೆ ಮಾಡಿದೆ, ನೀಲಿ ಚೂರು ಸೇರಿಸಿದೆ. ಮತ್ತೆ ಕೆಂಪೆನಿಸಿತು, ಮತ್ತೆ ಸೇರಿಸಿದೆ. ಐದನೆಯ ದಿನ ಪಡಸಾಲೆಯಲ್ಲಿ ಶರಣವ್ವನ ಮುಖ ಹದವಾಗಿ, ಜೀವಂತವಾಗಿ ನಿಂತಿತ್ತು. ಸೊಸೆಯಂದಿರೂ ಬಾಯಿಗೆ ಸೆರಗು ಹಿಡಿದು ನೋಡಿ ಭೇಷ್ ಎಂದರು.

ಬಣ್ಣ ಹಸಿಯಿತ್ತು. ಬಟ್ಟೆ ತಾಗದಂತೆ ಮುಚ್ಚಿಕೊಂಡು ಕಲಬುರಗಿಗೆ ತಂದೆ. ಗುರುಬಸವ್ವ ಓಣಿಯ ಹೆಂಗಸರನ್ನೆಲ್ಲ ಕರೆದಿದ್ದರು. ನನಗೆ ಒಳಗೊಳಗೇ ಬಿಗುಮಾನ. ಮುಂಭಾಗದ ಅಂಗಳದಲ್ಲಿ ನೆರಳಿರುವ ಕಡೆ ಚಿತ್ರ ಇಟ್ಟು ಮುಸುಕು ತೆಗೆದೆ.

ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಹಿಂದಿನಿಂದ ಮುಂದಕ್ಕೆ ಬಂದು ನೋಡಿದೆ. ಅದೇ ಮೂಗು, ಅದೇ ಸುಕ್ಕು, ಅದೇ ವಿಭೂತಿ. ಚರ್ಮ ಮಾತ್ರ ನೀಲಿಗಟ್ಟಿದ ಬೂದಿ. ತುಟಿಯಲ್ಲಿ ರಕ್ತವಿಲ್ಲ. ಕಣ್ಣ ಸುತ್ತ ಹಸಿರು.

“ಯವ್ವಾ! ನಮ್ಮವ್ವನ ಹೆಣ ಬರದ ತಂದಾಳ!” ಗುರುಬಸವ್ವ ಕೂಗಿ ಕುಸಿದು ಕುಳಿತರು. ಆಮೇಲೆ ಎದ್ದರು, ನನ್ನ ಮುಖವನ್ನೂ ನೋಡದೆ ಚಕ್ಕಡಿ ಕಟ್ಟಿಸಿದರು, ಉಟ್ಟ ಸೀರೆಯಲ್ಲೇ ಕಮಲಾಪುರಕ್ಕೆ ಹೊರಟರು. ತಾಯಿಗೆ ಏನೋ ಆಗಿಹೋಗಿದೆ ಎಂದೇ ಅವರ ಖಾತ್ರಿ.

ಮೂರು ದಿನ ಸುದ್ದಿಯಿಲ್ಲ. ಎಂಬತ್ತರ ಜೀವ, ನಿಜವಾಗಿಯೂ ಏನಾದರೂ ಆಗಿದ್ದರೆ? ನಾನು ಒಂದು ಕೆಟ್ಟ ಬಣ್ಣ ಬೆರೆಸಿ ಒಬ್ಬರನ್ನು ಕೊಂದೆನೆಂದು ಈ ಓಣಿ ಬದುಕಿರುವವರೆಗೆ ಹೇಳುತ್ತದೆ. ಓಣಿಯ ಮಾತು ಹಾಗಿರಲಿ, ನನಗೇ ಭಯ ಹಿಡಿದಿತ್ತು. ಚಿತ್ರವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ತಪ್ಪು ಎಲ್ಲಿ ಆಯಿತೆಂದು ತಲೆ ಚಚ್ಚಿಕೊಂಡೆ. ಎರಡನೆಯ ದಿನ, ಅಂಗಳದಲ್ಲಿ ಹಾಸಿದ್ದ ಗುರುಬಸವ್ವನ ಕೆಂಪು ಜಮಖಾನೆಯ ಪಕ್ಕ ಹಾಲಿನ ಪಾತ್ರೆ ಇಟ್ಟಾಗ ಹಾಲು ನಸುಗೆಂಪಾಗಿ ಕಂಡಿತು. ಅಲ್ಲಿಯೇ ಕೂತುಬಿಟ್ಟೆ. ಶರಣವ್ವ ಕೂತದ್ದು ಮರದ ತಂಪಿನಲ್ಲಿ. ನನ್ನ ಬಟ್ಟೆಗೆ ಬಿದ್ದದ್ದು ಕೆಂಪು ಅಂಗಳದಿಂದ ಚಿಮ್ಮಿ, ಕೆಂಪು ಗೋಡೆಗೆ ಬಡಿದು ಬಂದ ಬೆಳಕು. ಬೆಳಕಿನ ಕೆಂಪನ್ನು ಬಣ್ಣದ ಕೆಂಪೆಂದು ತಿಳಿದು ನಾನು ಅಳಿಸುತ್ತ ಹೋಗಿದ್ದೆ. ಆ ಪಡಸಾಲೆ ಬಿಟ್ಟು ಹೊರಬಂದ ಕೂಡಲೇ ನೀಲಿಯೊಂದೇ ಉಳಿದಿತ್ತು. ಚಿತ್ರಗಾರರ ಮಗಳು ನಾನು! ಆ ಹೊಳಪಿಗೆ ಮರುಳಾಗಿ, ಬೆಳಕಿಗೂ ಬಣ್ಣವುಂಟೆಂಬುದನ್ನೇ ಮರೆತಿದ್ದೆ.

ನಮ್ಮವರು ಮೆಲ್ಲನೆ, “ಸ್ವಲ್ಪ ದಿನ ಮೈಸೂರಿಗೆ ಹೋಗಿ ಇದ್ದು ಬಾ” ಎಂದರು. ನಾನು ಬಣ್ಣದ ಪೆಟ್ಟಿಗೆಗೆ ಹಗ್ಗ ಬಿಗಿದೆ.

ನಾಲ್ಕನೆಯ ದಿನ ಇಳಿಹೊತ್ತಿಗೆ ಬಾಗಿಲಲ್ಲಿ ಚಕ್ಕಡಿ ನಿಂತಿತು. ಗುರುಬಸವ್ವ ಇಳಿದರು. ಅವರ ಹಿಂದೆ ಕೋಲೂರಿಕೊಂಡು, ಮೈಯೆಲ್ಲ ದೂಳಾಗಿ, ಶರಣವ್ವ ಇಳಿದರು. ನಾನು ಓಡಿಹೋಗಿ ಅವರ ಕಾಲು ಹಿಡಿದುಕೊಂಡೆ. ಎಂದೂ ಅಷ್ಟು ಅತ್ತದ್ದು ನನಗೆ ನೆನಪಿಲ್ಲ.

“ಎಲ್ಲೈತಿ ಆ ಚಿತ್ರ? ತೋರಿಸು” ಎಂದರು ಶರಣವ್ವ.

ಅವರು ಅದನ್ನು ಅಂಗಳಕ್ಕೆ ತರಿಸಿ, ಹುಬ್ಬಿಗೆ ಕೈ ಅಡ್ಡ ಹಿಡಿದು, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. “ಖರೇನ, ಸತ್ತೀನಿ ನಾ” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಇನ್ನೊಂದ ಬರಿ” ಎಂದರು.

“ಬ್ಯಾಡವ್ವ, ಸಾಕು!” ಗುರುಬಸವ್ವ ಅಡ್ಡ ಬಂದರು.

“ಸುಮ್ಮ ಕೂಡು. ಇದನ್ನ ಹಿಂಗ ಬಿಟ್ರ, ನಾ ಹ್ವಾದ ಮ್ಯಾಲ ಇದ ಮುಖ ನಿನ್ನ ಕಣ್ಣಾಗ ಉಳೀತದ. ನನ್ನದು ಉಳಿಯಂಗಿಲ್ಲ.”

ಗುರುಬಸವ್ವ ಪಕ್ಕಕ್ಕೆ ಸರಿದರು. ನಾನು ಹಗ್ಗ ಬಿಚ್ಚಿದೆ.

ಈ ಸಲ ಬೆಳಕು ಮೊದಲು, ಬಣ್ಣ ಆಮೇಲೆ ಎಂದು ನಿರ್ಧರಿಸಿದೆ. ಮಲ್ಲಪ್ಪನನ್ನು ಮತ್ತೆ ಕರೆಸಿದೆವು. ಪಾಪ, ಹಾರೆ ಹಿಡಿಯುವ ಮೊದಲು ನೂರು ಪ್ರಶ್ನೆ ಕೇಳಿದ. ಮಳೆಗಾಲಕ್ಕೆ ಅಡಿಗೆಮನೆಯ ಬೆಳಕಿಂಡಿಗಳ ಮೇಲೆ ಇಲ್ಲಿ ಮೂರು ಕಡೆ ಮೋಟುಗೋಡೆ ಕಟ್ಟಿ ಮೇಲೆ ಫರಸಿ ಮುಚ್ಚುತ್ತಾರೆ, ಹೊಗೆ ಹೋಗಲೆಂದು ಒಂದು ಕಡೆ ಬಿಡುತ್ತಾರೆ. ನನ್ನ ಕೋಣೆಗೂ ಅಂಥದ್ದೇ ಕಟ್ಟು, ಕಿಂಡಿಯನ್ನು ಅಗಲ ಮಾಡು, ಬಡಗಣ ಕಡೆ ಮಾತ್ರ ತೆರೆದಿಡು ಎಂದೆ. ಅವನು ಏಣಿ ಹತ್ತುವ ಮೊದಲು ಗಂಟಲು ಹರಿಯುವಂತೆ ಕೂಗಿದ: “ಮಾಳಗೀ ಮ್ಯಾಲ ಬರಾಕತ್ತೀವ್ರೀ! ಪರದಾ!” ಪಕ್ಕದಂಗಳದಲ್ಲಿ ಬಳೆಗಳ ಸದ್ದು ಒಳಕ್ಕೆ ಸರಿಯಿತು. ಬೀಬಿಯ ದನಿ ಗೋಡೆಯಾಚೆಯಿಂದ ಬಂತು: “ಆವ್ ಬಾಬಾ, ಆವ್. ಅಬ್ ಸೀಖೇ!” ಬಾಪ್ಪ ಬಾ, ಈಗ ಕಲಿತಿರಿ ಎಂದು. ಮೇಲೆ ತೆಗೆಸು ಎಂದು ಗುರುಬಸವ್ವ ಹೇಳಿದ್ದನ್ನು ಅಂದೇ ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಬೆಳಕಿಂಡಿಯ ಮೇಲೆ ಕಟ್ಟಿದ ಆ ಗೂಡಿನ ಒಳಮೈಗೆ ಸುಣ್ಣ ಹೊಡೆಸಿದೆ. ಕೋಣೆಯ ಗೋಡೆಗಳಿಗೆ ಸುಣ್ಣಕ್ಕೆ ಬೂದಿ ಬೆರೆಸಿ ಬಳಿದೆ, ಯಾವ ಬಣ್ಣವೂ ಚಿಮ್ಮದಿರಲೆಂದು. ಕೆಂಪು ಜಮಖಾನೆಯನ್ನು ಆಚೆ ಹಾಕಿಸಿದೆ, ನನ್ನ ಹಸಿರು ಸೀರೆ ಬಿಟ್ಟು ಮಾಸಲು ಬಿಳಿಯದನ್ನು ಉಟ್ಟೆ. ಶರಣವ್ವನನ್ನೂ ಚೌಕಟ್ಟನ್ನೂ ಒಂದೇ ಬೆಳಕಿನ ಕೆಳಗೆ ಕೂರಿಸಿದೆ. ಮೇಲಿನಿಂದ ಇಳಿದ ಆ ಬೆಳಕು ಬೆಳಿಗ್ಗೆಯಿಂದ ಸಂಜೆಯವರೆಗೆ ಅಲುಗಲಿಲ್ಲ. ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಗದ್ದಕ್ಕೆ ಇಳಿಯುತ್ತ ಒಂದೊಂದು ಸುಕ್ಕನ್ನೂ ತೋರಿಸಿತು. ನನ್ನ ತಂದೆಯ ಕೋಣೆಯಲ್ಲೂ ಇಷ್ಟು ಒಳ್ಳೆಯ ಬೆಳಕಿಲ್ಲ. ಇದನ್ನು ಅವರಿಗೆ ಇನ್ನೂ ಬರೆದಿಲ್ಲ.

ಎಂಟು ದಿನ ಹಿಡಿಯಿತು. ಮುಗಿದ ಚಿತ್ರವನ್ನು ಮೊದಲು ನಾನೊಬ್ಬಳೇ ಅಂಗಳಕ್ಕೆ ಕೊಂಡೊಯ್ದು ನೋಡಿದೆ, ಪಡಸಾಲೆಯಲ್ಲಿ ನೋಡಿದೆ, ಗುರುಬಸವ್ವನ ಮಲಗುವ ಕೋಣೆಯ ಗೋಡೆಗೆ ಹಿಡಿದು ನೋಡಿದೆ. ಎಲ್ಲ ಕಡೆಯೂ ಶರಣವ್ವ ಶರಣವ್ವನೇ ಆಗಿದ್ದರು. ಆಮೇಲೆ ಗುರುಬಸವ್ವನನ್ನು ಕರೆದೆ. ಅವರು ಹತ್ತಿರ ಬಂದು ತಾಯಿಯ ಕೆನ್ನೆ ಸವರಿದರು. ಬಣ್ಣ ಹಸಿಯಿದ್ದುದರಿಂದ ಬೆರಳಿನ ಗುರುತು ಕೂತಿತು. ತಿದ್ದಬಾರದೆಂದು ಹಾಗೆಯೇ ಬಿಟ್ಟೆ.

ಶರಣವ್ವ ಊರಿಗೆ ಹೊರಟ ದಿನ ಚಕ್ಕಡಿ ಹತ್ತುವ ಮೊದಲು ನನ್ನ ಗದ್ದ ಹಿಡಿದು ಕೇಳಿದರು: “ನಿಮ್ಮವ್ವಂದು ಬರದೀ ಏನ ಮಗಳ?”

ಬರೆದಿರಲಿಲ್ಲ. ದಿನವೂ ಎದುರಿಗಿದ್ದವಳ ಚಿತ್ರ ಬರೆಯಬೇಕೆಂದು ಯಾರಿಗೆ ಹೊಳೆಯುತ್ತದೆ?

ಅಂದೇ ಶುರು ಮಾಡಿದೆ. ಈಗ ಎರಡು ತಿಂಗಳಾಯಿತು. ಸೀರೆ ಬಂತು, ಕೊರಳ ಸರ ಬಂತು, ತೊಡೆಯ ಮೇಲಿಟ್ಟ ಕೈ ಬಂತು, ಕಿರುಬೆರಳಿನ ಸುಟ್ಟ ಗಾಯ ಕೂಡ ಬಂತು. ಮುಖ ಬರುತ್ತಿಲ್ಲ. ರೂಪರೇಖೆ ಇದೆ, ಬಣ್ಣ ತಿಳಿಯದು. ಎಷ್ಟು ಸಲ ಬೆರೆಸಿದರೂ ಶರಣವ್ವನ ಕೆನ್ನೆಯ ಬಣ್ಣವೇ ಬರುತ್ತದೆ, ಗುರುಬಸವ್ವನ ಹಣೆಯ ಬಣ್ಣವೇ ಬರುತ್ತದೆ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೆ, ನನ್ನ ತಾಯಿ ಕೆಂಪಗಿದ್ದಾಳೋ ಎಣ್ಣೆಗಪ್ಪೋ ನನಗೆ ಗೊತ್ತಿಲ್ಲ.

ನಮ್ಮವರು ರಜೆ ಹಾಕುತ್ತೇನೆ, ಹೋಗಿ ಎದುರಿಗೆ ಕೂರಿಸಿಕೊಂಡು ಬರೆದು ಬಾ ಎಂದರು. ಹೋಗುತ್ತೇನೆ. ಪೆಟ್ಟಿಗೆಯೂ ಸಿದ್ಧವಾಗಿದೆ. ಆದರೆ ಆ ನೀಲಿ ಮುಖದ ಪೆಟ್ಟು ತಿಂದ ಮೇಲೆ ನನಗೊಂದು ರೂಢಿ ಬಿದ್ದಿದೆ. ಯಾರು ಚಿತ್ರ ಕೇಳಿದರೂ, ಅದನ್ನು ಯಾವ ಮನೆಯ ಯಾವ ಗೋಡೆಗೆ ಹಾಕುತ್ತೀರಿ ಎಂದು ಮೊದಲು ಕೇಳುತ್ತೇನೆ. ಆ ಗೋಡೆಯ ಬೆಳಕು ನೋಡದೆ ಬಣ್ಣ ಬೆರೆಸುವುದಿಲ್ಲ. ನಿನ್ನೆ ಕುಂಚಗಳನ್ನು ಕಟ್ಟುತ್ತಿದ್ದಾಗ ಅದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡೆ. ಅವ್ವನ ಮುಖ ಮೈಸೂರಿನ ಗೋಡೆಗೋ, ಇಲ್ಲಿಯ ಗೋಡೆಗೋ ಎಂದು ಲೆಕ್ಕ ಹಾಕುತ್ತ, ಸಂಜೆಯವರೆಗೂ ಪೆಟ್ಟಿಗೆಯ ಮುಂದೆ ಕುಳಿತಿದ್ದೆ.